ಗಿಡ್ಡವಾಗುತ್ತಿರುವ ಕಾವು

ಬಾತ್ಮಾಳ ಮಗನ ಮದುವೆಗೆ ಸೌದೆ ಒಡೆಯಲು ಇರಿಸ್‌ಬೆಕ್‌ನನ್ನು ಯಾರೂ ಕರೆದಿರಲಿಲ್ಲ. ಪಕ್ಕದ ಮನೆಯವನು, ತಾನೇ ಬಂದ. ಅಂಗಳದಲ್ಲಿ ಬೋರ್ಸೋಕ್ ಕರಿಯಲು ಹೆಂಗಸರು ದೊಡ್ಡ ಬೋಗುಣಿಯಲ್ಲಿ ಹಿಟ್ಟು ನಾದುತ್ತಿದ್ದರು. ಅವರಿಗೆ ಬೆನ್ನು ಹಾಕಿ ನಿಂತು ಕೊಡಲಿ ಎತ್ತಿದ. ಕೆಳಗೆ ಬಂದದ್ದು ಬರೀ ಕೋಲು. ಕೊಡಲಿಯ ತಲೆ ಹಿಂದಕ್ಕೆ ಹಾರಿ, ಹಿಟ್ಟಿನಲ್ಲಿ ಮೆತ್ತಗೆ ಕೂತಿತ್ತು.

ಮುಖಕ್ಕೆ ಸಿಡಿದದ್ದನ್ನು ತೋಳಿನಿಂದ ಒರೆಸಿಕೊಂಡು ಬಾತ್ಮಾ ಆ ಕಬ್ಬಿಣವನ್ನು ಎರಡೂ ಕೈಯಲ್ಲಿ ಎತ್ತಿ, ಹಬ್ಬದೂಟದಲ್ಲಿ ಕುರಿಯ ತಲೆ ಕೊಡುವ ಗಾಂಭೀರ್ಯದಲ್ಲೇ ಅವನ ಮುಂದೆ ಹಿಡಿದಳು.

"ತಲೆ ಹಿರಿಯರಿಗೇ ಸಲ್ಲಬೇಕು. ತಗೊಳ್ಳಿ, ಬೈಕೆ."

ಹೆಂಗಸರೆಲ್ಲ ನಕ್ಕರು. ಬೈಕೆ ಅಂದರೆ ಅಣ್ಣ. ಆ ಅಣ್ಣನ ಕಿವಿ ಕೆಂಪಾಯಿತು.

ಬಡಗಿ ಮಾಮಿರ್ ಇಂಥದೊಂದು ದಿನಕ್ಕೇ ಕಾಯುತ್ತಿದ್ದ. ಮನೆಗೆ ಓಡಿ, ಒಲೆಯ ಹಿಂದೆ ಒಣಗಲಿಟ್ಟಿದ್ದ ಬರ್ಚ್ ಮರದ ಹೊಸ ಕೊಡಲಿ ಕಾವು ತಂದ.

"ಈ ಹಳೇದನ್ನ ಒಲೆಗೆ ಹಾಕಿ ಬೈಕೆ. ಇನ್ನೊಂದ್ಸಲ ಕೊಯ್ದ್ರೆ ಇದು ಕೊಡಲಿ ಅಲ್ಲ, ಸೌಟು."

ಮಾತು ಸುಳ್ಳಲ್ಲ. ತಲೆ ಸಡಿಲವಾದಾಗಲೆಲ್ಲ ಇರಿಸ್‌ಬೆಕ್ ಕಾವಿನ ಮೇಲ್ತುದಿಯ ಸವೆದ ಭಾಗ ಕೊಯ್ದು, ಉಳಿದದ್ದನ್ನು ಹೆರೆದು ತಲೆ ಕೂರಿಸುತ್ತಾನೆ. ಹಿಡಿಯುವ ಕಡೆ ಮಾತ್ರ ಉಳಿ ತಾಕಿಸುವುದಿಲ್ಲ. ಕಾವು ಗಿಡ್ಡವಾದಂತೆ ಅವನು ಬಗ್ಗುತ್ತ ಬಂದ. ಊರಿಗೆ ಹೊಸಬರು ಅದನ್ನು ವಯಸ್ಸು ಅಂದುಕೊಳ್ಳುತ್ತಾರೆ.

ಆ ಹಿಡಿ ಅವನ ಹೆಂಡತಿ ಸಲ್ಕಿನಾಯ್‌ಳದು. ಇವನು ಬೇಸಗೆಯೆಲ್ಲ ಕುದುರೆಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿ. ಸೌದೆ, ಒಲೆ, ಕೊಡಲಿ ಎಲ್ಲ ಅವಳ ಪಾಲು. ತಲೆ ಅಲುಗಾಡಿದರೆ ಅವಳದು ಒಂದೇ ವೈದ್ಯ: ಸಂಜೆ ಕೊಡಲಿಯನ್ನು ಮನೆಮುಂದಿನ ಕಾಲುವೆಯಲ್ಲಿ ಮುಳುಗಿಸುವುದು. ಬೆಳಗ್ಗೆ ಮರ ಉಬ್ಬಿ ಬಿಗಿಯಾಗುತ್ತಿತ್ತು, ಬಿಸಿಲೇರಿದರೆ ಮತ್ತೆ ಅದೇ ಕುಣಿತ.

"ನೀರಿನ ಬಿಗಿ ಮಧ್ಯಾಹ್ನದ ತನಕ ಕಣೇ. ಬೆಣೆ ಹೊಡಿ," ಎನ್ನುತ್ತಿದ್ದ.

"ನಾಳೆನೂ ಕಾಲುವೇಲಿ ನೀರಿರುತ್ತೆ. ನಿಮ್ಮ ಬೆಣೆ ನಿಮ್ಮ ಬಾಯಿಗೆ ಹೊಡ್ಕೊಳ್ಳಿ," ಎನ್ನುತ್ತಿದ್ದಳು.

ಒಂದು ಶರತ್ಕಾಲ ಅವನನ್ನು ಕರೆತರಲು ಕುದುರೆ ಹತ್ತಿ ಹೋದವರು ತಡವಾಗಿ ತಲುಪಿದರು. ಅವನು ಇಳಿದು ಬಂದಾಗ ಸಲ್ಕಿನಾಯ್‌ಳನ್ನು ಮಣ್ಣು ಮಾಡಿಯಾಗಿತ್ತು. ಸಂತಾಪಕ್ಕೆ ಬಂದವರನ್ನು ದಾಟಿ, ಮುಖ ತೊಳೆಯಲು ಕಾಲುವೆಗೆ ಬಗ್ಗಿದ. ನೀರಿನಡಿ ಕೊಡಲಿ ಇತ್ತು, ಬಿಗಿಯಾಗಿತ್ತು. ಅಂದಿನಿಂದ ಅದನ್ನು ನೀರಿಗೆ ಹಾಕಿಲ್ಲ. ಕೊಡಲಿ ಕಾವು ಕುಲಕ್ಕೆ ಮೂಲ ಎನ್ನುವುದು ಲೋಕದ ಮಾತು. ಈ ಮನೆಯಲ್ಲಿ ಕಾವೊಂದೇ ಉಳಿದ ಕುಲ. ಚಳಿಗಾಲದ ಕಾವೂ ಅದರದ್ದೇ.

ಇದೆಲ್ಲ ಮಾಮಿರ್‌ಗೂ ಗೊತ್ತು. ಆದರೂ ಹೊಸ ಕಾವನ್ನು ಚಾಚಿಯೇ ನಿಂತಿದ್ದ. ಇರಿಸ್‌ಬೆಕ್ ಅದನ್ನು ಇಸಕೊಂಡ. ತೂಗಿ ನೋಡಿದ, ಮೂಸಿ ನೋಡಿದ.

"ಒಳ್ಳೇ ಮರ," ಎಂದು ಗೋಡೆಗೆ ಒರಗಿಸಿಟ್ಟ. "ಗರಗಸ ಕೊಡು."

ಮಾಮಿರ್ ಬಾಯಿ ತೆರೆದವನು, ಬಾತ್ಮಾ ಕಣ್ಣು ಬಿಟ್ಟದ್ದು ಕಂಡು, ಮುಚ್ಚಿಕೊಂಡು ಗರಗಸ ಕೊಟ್ಟ.

ಇರಿಸ್‌ಬೆಕ್ ಮೇಲ್ತುದಿ ಕೊಯ್ದ. ಹೆರೆದು, ತಲೆ ಸಿಕ್ಕಿಸಿ, ಕೊಡಲಿಯನ್ನು ತಲೆಕೆಳಗಾಗಿ ತೂಗಿ ಹಿಡಿದ. ಹಿಡಿಯ ತುದಿಗೆ ಪೆಟ್ಟು ಕೊಟ್ಟರೆ ತಲೆ ತಾನೇ ಮೇಲೇರಿ ಕೂರುತ್ತದೆ. ಹೊಡೆಯುವ ಮೊದಲು ತುದಿಯ ಮೇಲೆ ಉಣ್ಣೆಗಂಬಳಿಯ ಚೂರು ಇಟ್ಟ, ನೋವಾಗದಂತೆ. ಆಮೇಲೆ ಬೆಣೆ. ಅದನ್ನು ಮಾತ್ರ ದಯೆಯಿಲ್ಲದೆ ಬಡಿದ. ಕಾವೀಗ ಮೊಣಕೈಯುದ್ದ. ಮುಂದೆ ಕೊಯ್ಯಲು ಏನೂ ಇಲ್ಲ.

ಹಿಡಿಯ ಮೇಲೆ ಬೆರಳುಗಳು ಸವೆಸಿದ ಹಳ್ಳಗಳು ಹೊಳೆಯುತ್ತಿದ್ದವು. ಬಾತ್ಮಾಳ ದನಿ ಇಳಿದಿತ್ತು.

"ಬೈಕೆ, ಇದನ್ನ ಹಿಡಿದಾಗ ಅತ್ತಿಗೆ ಕೈ ಹಿಡಿದ ಹಾಗೇ ಇರುತ್ತಾ?"

ಹೆಂಗಸರು ನಾದುವುದು ನಿಲ್ಲಿಸಿದರು. ಇರಿಸ್‌ಬೆಕ್ ತನ್ನ ಅಂಗೈ ಬಿಡಿಸಿ ನೋಡಿಕೊಂಡ.

"ಅವಳು ಎಡಚಿ. ಅವಳ ಹಳ್ಳ ನನ್ನ ಕೈಗೆ ಕೂರೋದೇ ಇಲ್ಲ. ಬರೀ ಬೊಬ್ಬೆ."