ಬಲಕ್ಕೆ ಬಿದ್ದ ಹೂವು

ನಮ್ಮ ಮನೆಯಲ್ಲಿ ಮಗನ ಇಷ್ಟ ಕೇಳುವುದೆಂದರೆ ಎತ್ತನ್ನು ಕೇಳಿ ನೊಗ ಹೂಡಿದ ಹಾಗೆ. ಅಪ್ಪ ಹೊಡೆದವರಲ್ಲ, ಬೈದವರೂ ಅಲ್ಲ. ಕೇಳಿದವರಂತೂ ಅಲ್ಲವೇ ಅಲ್ಲ. ಅಜ್ಜಂಪುರದ ಪೇಟೆಯಲ್ಲಿ ನಮ್ಮದು ಕೊಬ್ಬರಿ ಅಂಗಡಿ. ತಾತ ಕೂತ ಗಾದಿಯ ಮೇಲೆ ಅಪ್ಪ ಕೂತಿದ್ದರು. ಅವರಾದ ಮೇಲೆ ನಾನು ಕೂರಬೇಕಿತ್ತು.

ನನಗೆ ಹದಿನಾರು ವರ್ಷವಾದಾಗ ಸ್ಟೇಷನ್ ಪಕ್ಕದ ಮನೆಯಲ್ಲಿ ಒಬ್ಬ ಆಂಗ್ಲೋ-ಇಂಡಿಯನ್ ದೊರೆ ಇದ್ದ. ರೈಲು ಹಳಿ ನೋಡಿಕೊಳ್ಳುವ ಕೆಲಸ ಅವನದು. ಅವನ ಮಗ ನನ್ನ ಗೆಳೆಯ. ಒಂದು ದಿನ ನನ್ನೆದುರೇ ದೊರೆ ಮಗನನ್ನು, "ಮುಂದೆ ಏನ್ ಮಾಡ್ತೀಯೋ? ನೀನೇ ಹೇಳು," ಎಂದು ಕೇಳಿದ. "ಇಂಜಿನ್ ಓಡಿಸ್ತೀನಿ," ಎಂದ ಗೆಳೆಯ. ಅಪ್ಪ ಮಗ ಕೈ ಕುಲುಕಿದರು. ಅಷ್ಟೇ, ಮುಗಿದುಹೋಯಿತು! ನನಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ನನ್ನ ಮುಖ ನೋಡಿ ದೊರೆ, "ನೀನೂ ರೈಲ್ವೆ ಸೇರ್ಕೋ. ನಿಮ್ಮಪ್ಪ ಹೂಂ ಅಂದ್ರೆ ಕಾಗದ ಬರ್ದು ಕೊಡ್ತೀನಿ," ಎಂದ.

ಮೂರು ದಿನ ತಡೆದು ಅಪ್ಪನಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ದೇವ್ರನ್ನ ಕೇಳಾನ ಕಣಪ್ಪಾ," ಎಂದರು.

ಸೋಮವಾರ ವೀರಭದ್ರನ ಗುಡಿಗೆ ಹೋದೆವು. ಪೂಜಾರಿ ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸಿದ. ಬಲದ ಹೂ ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಪ್ರಶ್ನೆಯನ್ನು ಮಾತ್ರ ಕೇಳುವವರು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಅಪ್ಪ ಕಣ್ಣು ಮುಚ್ಚಿ ಕೈಮುಗಿದರು.

ಬಲದ ಹೂ ಬಿತ್ತು. ನಾನು ಕುಣಿಯುವುದೊಂದು ಬಾಕಿ. ಅಪ್ಪ ಕಣ್ಣು ಬಿಟ್ಟು ಬಹಳ ಹೊತ್ತು ಆ ಹೂವನ್ನೇ ನೋಡಿದರು. ಆಮೇಲೆ, "ಇವ್ನು ಅಂಗಡೀಲೇ ಇರ್ಲಾ ಅಂತ ಕೇಳ್ಕೊಂಡೆ. ಸ್ವಾಮಿ ಹೂಂ ಅಂದ," ಎಂದರು.

ಅಪ್ಪನ ಹತ್ತಿರವಾದರೆ ಅತ್ತು ಕರೆದು ಹಟ ಮಾಡಬಹುದಿತ್ತು. ದೇವರ ಹತ್ತಿರ ಏನು ಮಾಡಲಿ? ಗೆಳೆಯ ಬೀರೂರಿಗೆ ಹೋಗಿ ರೈಲ್ವೆ ಸೇರಿದ. ನಾನು ಗಾದಿಯ ಮೇಲೆ ಕೂತೆ. ಮದುವೆಯಾಯಿತು, ಮಕ್ಕಳಾದವು. ಹಗಲಲ್ಲಿ ರೈಲು ಕೂಗಿದಾಗಲೆಲ್ಲ ತಕ್ಕಡಿ ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ನನಗೆ ನಲವತ್ತೆರಡಾದಾಗ ಅಪ್ಪ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಇದ್ದಕ್ಕಿದ್ದಂತೆ, "ಅವತ್ತು ನಾ ಕೇಳಿದ್ದು ರೈಲ್ವೆಗೆ ಕಳಿಸ್ಲಾ ಅಂತ ಕಣೋ," ಎಂದರು.

"ಮತ್ತೆ ಯಾಕಪ್ಪಾ ಹಂಗಂದೆ?"

"ಹೂ ಬಿದ್ದಿದ್ದು ಕಂಡು ಎದೆ ಒಡ್ದೋಯ್ತು. ನಂಗಿರೋನು ನೀನೊಬ್ಬ."

ಸಿಟ್ಟು ನೆತ್ತಿಗೇರಿತು. ಇಪ್ಪತ್ತಾರು ವರ್ಷ ಆ ದೇವರನ್ನು ಸುಮ್ಮನೆ ಬೈದಿದ್ದೆ. ಕೂಗಾಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪನೂ ಬಾಯಿ ತೆರೆದಿದ್ದರು, ಮುಂದಿನ ಗುಟುಕಿಗೆ. ಕುಡಿಸಿದೆ.