ರನ್‌ವೇ ಅಂಚಿನ್ಯಾಗ ಕರೆದಾಂವ

ನೀವು ನಂಬ್ರಿ, ಬಿಡ್ರಿ... ಆ ನಸುಕಿನ್ಯಾಗ ನಾ ಕಂಡಿದ್ದು ಮಾತ್ರ ಖರೇನ.

ನಾ ಮಾನ್ವಿಯಾಂವ. ದೂರದ ಒಂದು ದೊಡ್ಡ ವಿಮಾನ ನಿಲ್ದಾಣದಾಗ ಜೀಪ್ ಡ್ರೈವರ್. ಮಂಜು ಕವಿದಾಗ ವಿಮಾನದ ಮುಂದ ಜೀಪ್ ಹೊಡಕೊಂಡು ಹೋಗಿ, ರನ್‌ವೇ ತನಕ ದಾರಿ ತೋರ್ಸೋದು ನನ್ನ ಕೆಲಸ.

ಅವತ್ತು ಜೀಪಿನ ಬಾನೆಟ್ ಆಚಿ ಏನೂ ಕಾಣಾಕತ್ತಿದ್ದಿಲ್ಲ. ಕಿಟಕಿ ಇಳಿಸಿ, ನೆಲದ ಮ್ಯಾಲಿನ ಹಳದಿ ಗೆರಿ ನೋಡ್ಕೋತ ಹೊಂಟಿದ್ದೆ. ಹಸಿ ಗಾಳಿಯಾಗ ವಿಮಾನದ ಎಣ್ಣಿ ವಾಸನಿ... ಬೆನ್ನಹಿಂದ ಮಂದಿ ತುಂಬಿದ ವಿಮಾನದ ಗುಂಯ್ ಅನ್ನೋ ಸದ್ದು.

ರನ್‌ವೇ ಹತ್ತಿರ ಬಂತು ಅನ್ನೋದ್ರಾಗ ಮುಂದ ಎರಡು ದೀಪ ಕಂಡವು. ಯಾರೋ ಎರಡೂ ಕೈಯಾಗ ದೀಪದ ಕೋಲು ಹಿಡಿದು, ಮುಂದ ಬಾ ಅಂತ ಬೀಸಾಕತ್ತಿದ್ದ. ಅಲ್ಲಿ ಯಾರೂ ನಿಂದ್ರಂಗಿಲ್ಲ...

"ಬಾ ಅಣ್ಣಾ... ದಾರಿ ಖಾಲಿ ಅದ..."

ನಮ್ಮ ಕಡಿ ಮಾತು! ದನಿ ಹನುಮಂತಂದು. ದೇವದುರ್ಗದಾಂವ, ನನ್ನ ರೂಮಿನಾಂವ. ವಿಮಾನ ನಿಲ್ಲಿಸೋ ಜಾಗದಾಗ ದೀಪ ತೋರ್ಸೋದು ಅವನ ಕೆಲಸ. ರಜಾ ಹಾಕಿ ಊರಿಗೆ ಹೋದಾಂವ ಯಾವಾಗ ಬಂದ?... ಅನ್ನೋದ್ರಾಗ ನನ್ನ ಕಾಲು ಆಕ್ಸಿಲರೇಟರ್ ಒತ್ತಿತ್ತು.

ರೇಡಿಯೋದಾಗ ಹಿಂದಿನ ವಿಮಾನದ ಪೈಲಟ್ ಚೀರಿದ್ರು. "ಜೀಪ್, ನಿಲ್ಲು! ಕೆಂಪು ದೀಪ!"

ಬ್ರೇಕ್ ತುಳಿದೆ. ರನ್‌ವೇಗೆ ಹೋಗಬ್ಯಾಡ ಅಂತ ನೆಲದಾಗ ಸಾಲಾಗಿ ಉರಿಯೋ ಕೆಂಪು ದೀಪ ಆಗಲೇ ನನ್ನ ಮುಂದಿನ ಗಾಲಿ ಕೆಳಗ ಇದ್ದವು! ಮರುಕ್ಷಣ... ಇಳಿಯಾಕ ಬಂದ ಇನ್ನೊಂದು ವಿಮಾನ ಭರ್ರ್ ಅಂತ ಎದುರಿಗೇ ಹಾದು ಹೋತು. ಜೀಪ್ ಗಡಗಡ ನಡುಗಿತು.

ಸದ್ದು ಅಡಗಿದಾಗ ಅಲ್ಲಿ ಯಾರೂ ಇರಲಿಲ್ಲ.

ಬೆಳಕು ಹರಿದ ಮ್ಯಾಲ ದೇವದುರ್ಗಕ್ಕ ಫೋನ್ ಹಚ್ಚಿದೆ. ಎತ್ತಿದ್ದು ಹನುಮಂತನ ಅವ್ವ.

"ಹನುಮಂತ ಎಲ್ಲಿದ್ದಾನ ಯವ್ವಾ?"

"ಜ್ವರ ಬಂದು ಹಾಸಿಗಿ ಹಿಡದಾನಪ್ಪಾ. ರಾತ್ರಿಯೆಲ್ಲಾ ಕಣ್ಣು ಮುಚ್ಚಿ ಎರಡೂ ಕೈ ಬೀಸಾಕತ್ತಿದ್ದ... 'ಬಾ ಅಣ್ಣಾ, ದಾರಿ ಖಾಲಿ ಅದ' ಅಂತ ಒಂದೇ ಸವನ. ಯಾರನ್ನ ಕರಿಯಾಕತ್ತಿದ್ನೋ ಏನೋ. ರಾಯಚೂರು ದವಾಖಾನಿಗೆ ಹೊಂಟೀವಿ."



ವಿಚಾರಣಿ ಆತು. ಕ್ಯಾಮೆರಾದಾಗ ಬರೀ ಮಂಜು. ತಪ್ಪು ನಂದಂದ್ರು, ಒಂದಿಷ್ಟು ದಿನ ಜೀಪ್ ಕೊಡಲಿಲ್ಲ. ನಾ ದೀಪದ ಸುದ್ದಿ ಬಾಯಿ ಬಿಡಲಿಲ್ಲ. ಹೇಳಿದ್ರ ಯಾರು ನಂಬ್ತಾರ?

ಹನುಮಂತ ಆರಾಮಾಗಿ ವಾಪಸ್ ಬಂದ. 'ಆ ರಾತ್ರಿ ನನ್ನ ರನ್‌ವೇ ಕಡಿ ಕರದಿದ್ದೇನು?' ಅಂತಷ್ಟ ಕೇಳಿದೆ. ಅವನಿಗೆ ಏನೂ ನೆನಪಿಲ್ಲ. "ನಾ ಯಾಕ ನಿನ್ನ ಅಲ್ಲಿಗೆ ಕರೀಲಿ ಅಣ್ಣಾ?" ಅಂತ ನಕ್ಕ. ಅವನ ಮುಖ ನೋಡಾಕ ಆಗಲಿಲ್ಲ ನನಗ.

ಒಳ್ಳೆ ಮನುಷ್ಯಾ ಅಂವ. ಆದ್ರೂ ಬ್ಯಾರೆ ರೂಮ್ ಹುಡುಕಾಕತ್ತೀನಿ. ಯಾಕಂತ ದಿನಾ ಕೇಳ್ತಾನ...

ಏನಂತ ಹೇಳ್ಲಿ?