ಚಕ್ರದ ಮೇಲಿನ ಮನೆಗೆ ಒಕ್ಕಲು

ಮಸ್ಕತ್ತಿನಿಂದ ದೂರದ ಸುವೈಕ್ ಊರಿನ ಹೊರಗೆ ಖರ್ಜೂರದ ತೋಟವೊಂದರ ಪಕ್ಕ ನಮ್ಮ ವ್ಯಾನ್ ನಿಲ್ಲಿಸಿ ಮಲಗಿದ ಮರುದಿನ, ಬೆಳಗಾಗುತ್ತಲೇ ತೋಟದ ಯಜಮಾನರು ಬಾಗಿಲು ಬಡಿದರು. ಕೇಳದೆ ನಿಲ್ಲಿಸಿದ್ದಕ್ಕೆ ಬೈಯುತ್ತಾರೆಂದು ನಾನು ಕ್ಷಮೆಯ ಮಾತನ್ನು ಅರಬ್ಬಿಯಲ್ಲಿ ಜೋಡಿಸುತ್ತಿದ್ದೆ. ಬೈದದ್ದು ನಿಜ, ಹಿಂದಿಯಲ್ಲಿ: ನನ್ನ ಬೇಲಿಯ ಪಕ್ಕ ಮಲಗಿದವರು ನನ್ನ ಮನೆಗೆ ಊಟಕ್ಕೆ ಯಾಕೆ ಬರಲಿಲ್ಲ? ಆಮೇಲೆ ಫ್ಲಾಸ್ಕಿನಿಂದ ಕಹ್ವಾ ಸುರಿದುಕೊಟ್ಟರು. ಏಲಕ್ಕಿ ಹಾಕಿದ, ಸಕ್ಕರೆಯಿಲ್ಲದ ಕಾಫಿ ಅದು. ಉಡುಪಿಯ ನಮ್ಮ ಓಣಿಯಲ್ಲಿ ಗುರುತಿಲ್ಲದ ಗಾಡಿ ನಿಂತರೆ ನಾವು ಮೊದಲು ನೋಡುವುದು ಅದರ ನಂಬರ್ ಪ್ಲೇಟು.

ಬಾತಿನಾ ಕರಾವಳಿಯ ಬಾವಿಗಳ ನೀರಿಗೆ ಎಷ್ಟು ಉಪ್ಪು ಸೇರಿದೆಯೆಂದು ಅಳೆಯುವುದು ನನ್ನ ಕೆಲಸ. ಗಂಡ ಪ್ರಶಾಂತ್ ತೋಟಗಳ ಸೋಲಾರ್ ಪಂಪು ರಿಪೇರಿ ಮಾಡುತ್ತಾರೆ. ಇಬ್ಬರೂ ವಾರವಿಡೀ ರಸ್ತೆಯಲ್ಲಿ, ಮಸ್ಕತ್ತಿನ ಫ್ಲಾಟಿಗೆ ಸದಾ ಬೀಗ. ಅದನ್ನು ಬಿಟ್ಟು ವ್ಯಾನಿಗೆ ಬಂದೆವು: ಒಂದು ಹಾಸಿಗೆ, ಒಂಟಿ ಒಲೆ, ನೀರಿನ ಟ್ಯಾಂಕು. ವಾರದ ರಜೆ ಶುರುವಾಗುವ ಗುರುವಾರ ಸಂಜೆ ಮಸ್ಕತ್ತಿನ ಹಮ್ರಿಯಾದಲ್ಲಿರುವ ಅಕ್ಕನ ಫ್ಲಾಟಿಗೆ ಹೋಗುತ್ತೇವೆ. ಬಟ್ಟೆ ಒಗೆಯಲು ಅನ್ನುವುದು ನೆಪ, ಬೇಕಾಗುವುದು ಮೀನಿನ ಗಸಿ ಮತ್ತು ಜೋರಾಗಿ ಆಡುವ ತುಳು.

ಅಮ್ಮನಿಗೆ ಮಾತ್ರ ಹೇಳಿರಲಿಲ್ಲ. “ಸುವೈಕ್ ಕಡೆ ಇದ್ದೇವೆ” ಎನ್ನುತ್ತಿದ್ದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೋದ ಚಳಿಗಾಲ ವಿಸಿಟ್ ವೀಸಾದಲ್ಲಿ ಅಕ್ಕನ ಮನೆಗೆ ಬಂದ ಅಮ್ಮನ ಬ್ಯಾಗಿನಲ್ಲಿ, ನಮ್ಮ ಮನೆಯ ಗೃಹಪ್ರವೇಶಕ್ಕೆಂದು, ಹೊಸ ಸ್ಟೀಲಿನ ಪಾತ್ರೆಯಿತ್ತು.

“ಒಕ್ಕಲು ಮಾಡದ ಮನೆಯಲ್ಲಿ ಇರಬಾರದು. ಹಾಲು ಉಕ್ಕಿಸಿಯೇ ನಾನು ಊರಿಗೆ ಹೋಗುವುದು.”

ಅವರು ಬೇಡವೆಂದಿದ್ದರೆ ನಾನು ವ್ಯಾನು ಬಿಟ್ಟುಬಿಡುತ್ತಿದ್ದೆ. ನನ್ನ ಬಗ್ಗೆ ನನಗೆ ಅಷ್ಟು ಗೊತ್ತು.

“ನಿನ್ನ ಅರಮನೆ ಕೆಳಗೆ ನಿಂತಿದೆ, ತೋರಿಸು ಮಾರಾಯ್ತಿ,” ಎಂದಳು ಅಕ್ಕ. “ಯಾರಾದ್ರೂ ಬಂದು ಗಾಡಿ ತೆಗೀರಿ ಅಂತ ಹೇಳುವ ಮೊದಲು.”

ಅಮ್ಮ ವ್ಯಾನಿಗೆ ಒಂದು ಸುತ್ತು ಬಂದರು. “ಇದು ಗಾಡಿಯಾ, ಮನೆಯಾ?”

“ಎರಡೂ.”

“ಗಾಡಿಗಾದ್ರೆ ಚಕ್ರಕ್ಕೆ ನಿಂಬೆಹಣ್ಣು, ಮನೆಗಾದ್ರೆ ಹಾಲು. ಎರಡೂ ಅಂದ್ರೆ ಎಂತ ಮಾಡುವುದು?” ನನ್ನ ಕಡೆ ತಿರುಗಿ, “ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಬೇಡ ಅಂದ್ರೆ ಅಂತ ಹೆದರಿಕೆ ಆಯ್ತು.”

ಅಮ್ಮ ಒಳಗೆ ಹತ್ತಿ ಕಪಾಟು ತೆರೆದರು, ಡಬ್ಬಿಗಳ ಮುಚ್ಚಳ ಎತ್ತಿ ಮೂಸಿದರು, ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದರು. ನಾನು ಬಾಗಿಲ ಬಳಿಯೇ ನಿಂತಿದ್ದೆ.

“ಪೂರ್ವ ಯಾವ ಕಡೆ?” ಎಂದು ಕೇಳಿದರು ಕೊನೆಗೆ.

ಒಲೆ ಪಶ್ಚಿಮಕ್ಕಿತ್ತು. “ಒಂದು ನಿಮಿಷ ಅತ್ತೆ, ಗಟ್ಟಿ ಹಿಡ್ಕೊಳ್ಳಿ,” ಎಂದು ಪ್ರಶಾಂತ್ ಇಂಜಿನ್ ಶುರುಮಾಡಿ, ಹಿಂದೆ ಮುಂದೆ ಮಾಡಿ ಇಡೀ ಮನೆಯನ್ನೇ ತಿರುಗಿಸಿ ನಿಲ್ಲಿಸಿದರು. ಕಪಾಟು ಹಿಡಿದು ನಿಂತಿದ್ದ ಅಮ್ಮ ನಕ್ಕುಬಿಟ್ಟರು.

“ಹೇಳಿದ ಮಾತು ಕೇಳುವ ಮನೆ ನಾನು ಇದೊಂದೇ ನೋಡಿದ್ದು.”

ಹಾಲು ಉಕ್ಕಿ ಒಲೆಯೇ ಆರಿತು.

“ಈಗ ಇದನ್ನು ಒರೆಸುವವರು ಯಾರು?” ಅಕ್ಕ ಕೇಳಿದಳು.

“ಮನೆಯ ಯಜಮಾನ್ತಿ,” ಎಂದು ಅಮ್ಮ ನನ್ನ ಕೈಗೆ ಬಟ್ಟೆ ಕೊಟ್ಟರು. ಅಷ್ಟು ಸಂತೋಷದಿಂದ ನಾನು ಯಾವತ್ತೂ ನೆಲ ಒರೆಸಿಲ್ಲ.

ಈ ವರ್ಷ ರಜೆಯಲ್ಲಿ ಊರಿಗೆ ಹೊರಟಾಗ ವ್ಯಾನನ್ನು ತೋಟದ ಯಜಮಾನರೇ ತಮ್ಮ ಅಂಗಳದಲ್ಲಿ ನಿಲ್ಲಿಸಿಕೊಂಡರು. ಬಾಡಿಗೆಯ ಮಾತೆತ್ತಿದ್ದಕ್ಕೆ ಮತ್ತೆ ಬೈಸಿಕೊಂಡೆವು. ಆ ಬೈಗುಳದ ಋಣ ದೊಡ್ಡದು.

ಉಡುಪಿಯಲ್ಲಿ ಮನೆಯ ಮೆಟ್ಟಿಲು ಹತ್ತುವಾಗ ಅಮ್ಮ ತಟ್ಟೆ ಹಿಡಿದು ಬಂದರು: ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ನಮ್ಮಲ್ಲಿ ಅದು ಬಂದ ನೆಂಟರಿಗೆ ಕೊಡುವುದು. ಕಾಲೇಜಿನಿಂದ ಬಂದಾಗಲೂ, ಮದುವೆಯಾದ ಮೇಲೂ ನನಗೆ ಯಾರೂ ಕೊಟ್ಟಿರಲಿಲ್ಲ.

“ನನಗೆಂತಕ್ಕಮ್ಮ ಇದು?”

“ಸ್ವಂತ ಮನೆ ಇರುವವರು ಬಂದಾಗ ಕೊಡುವುದು ಕ್ರಮ,” ಎಂದರು ಅಮ್ಮ.

ನಾನು ಚಪ್ಪಲಿ ಬಿಟ್ಟು, ಬೆಲ್ಲ ಬಾಯಿಗೆ ಹಾಕಿಕೊಂಡೆ. ಅದು ಪೂರ್ತಿ ಕರಗುವವರೆಗೆ, ನೆಂಟರ ಹಾಗೆ, ಹೊಸ್ತಿಲ ಹೊರಗೇ ನಿಂತಿದ್ದೆ.